ಮುತ್ತಜ್ಜ ತೀರಿಕೊಂಡದ್ದು ಯಾವಾಗ? ಹಳೆಯ ಮರಣ ದಾಖಲೆಗಳನ್ನು ಓದುವ ಬಗೆ

ನವೆಂಬರ್ ತಿಂಗಳು ಹತ್ತಿರವಾಗುತ್ತಿದ್ದಂತೆ ಚರ್ಚ್ ಕಚೇರಿಗಳಿಗೆ ಒಂದು ವಿಚಾರಣೆ ಬರುತ್ತದೆ. "ನಮ್ಮ ಅಜ್ಜನ ತಂದೆ ತೀರಿಕೊಂಡ ತಾರೀಕು ಬೇಕಿತ್ತು ಫಾದರ್, ಪುಸ್ತಕದಲ್ಲಿ ಸಿಗಬಹುದೇ?" ಕೆಲವೊಮ್ಮೆ ಸಿಗುತ್ತದೆ. ಆದರೆ ಸಿಕ್ಕಿದ ತಾರೀಕು ಸಿಮಿತ್ರಿಯ ಕಲ್ಲಿಗೆ ಹೊಂದುವುದಿಲ್ಲ, ಕಲ್ಲಿನದ್ದು ಹಿರಿಯರ ಮಾತಿಗೆ ಹೊಂದುವುದಿಲ್ಲ. ಆಗ ಹೆಚ್ಚಿನವರು ತಮಗೆ ಸರಿ ಕಂಡ ಒಂದನ್ನು ಆರಿಸಿಕೊಂಡು ಸುಮ್ಮನಾಗುತ್ತಾರೆ. ನಮ್ಮ ಮನೆಯಲ್ಲೂ ಸುಮಾರು ಅರುವತ್ತು ವರ್ಷ ಹಾಗೆಯೇ ನಡೆದಿತ್ತು.

ನಮ್ಮ ಮುತ್ತಜ್ಜನ ಸಮಾಧಿಯ ಕಲ್ಲಿನಲ್ಲಿ 14-8-1918 ಎಂದಿತ್ತು. ವರ್ಷವರ್ಷವೂ ಆಗಸ್ಟ್ 14ಕ್ಕೆ ಅವರ ಆತ್ಮಕ್ಕೆ ಪೂಜೆ ಹೇಳಿಸುತ್ತಿದ್ದೆವು. ಕಲ್ಲು ಬಿರುಕು ಬಿಟ್ಟದ್ದರಿಂದ ಹೊಸದು ಹಾಕಿಸುವ ಮಾತು ಬಂದಾಗ, ಒಮ್ಮೆ ಮರಣ ಪುಸ್ತಕ ನೋಡಿಬಿಡೋಣವೆಂದು ಹೋದೆವು. 1918ರ ಆಗಸ್ಟ್ ತಿಂಗಳಲ್ಲಿ ಅವರ ಹೆಸರೇ ಇಲ್ಲ! "ಬರೆಯಲು ಬಿಟ್ಟುಹೋಗಿರಬೇಕು" ಎಂದು ಎದ್ದು ಬರುವವರಿದ್ದೆವು. ಕಚೇರಿಯಲ್ಲಿದ್ದವರು ತಾಳ್ಮೆಯಿಂದ ಮುಂದಿನ ಪುಟಗಳನ್ನು ಮಗುಚಿದರು. ಅಕ್ಟೋಬರಿನ ಪುಟದಲ್ಲಿ ಅವರಿದ್ದರು. ತಾರೀಕು 14. ತಿಂಗಳ ಜಾಗದಲ್ಲಿ ಅಂಕೆ 8 ಬರೆದು, ಅದಕ್ಕೆ ತಾಗಿ ಲತೀನಿನಲ್ಲಿ 'ಬ್ರಿಸ್' ಎಂದಿತ್ತು.

ಎಡವಟ್ಟು ಆದದ್ದು ಇಲ್ಲಿಯೇ. ಪ್ರಾಚೀನ ರೋಮನರ ವರ್ಷ ಮಾರ್ಚ್‌ನಿಂದ ಆರಂಭವಾಗುತ್ತಿತ್ತು. ಲತೀನಿನಲ್ಲಿ ಸೆಪ್ತೆಮ್ ಎಂದರೆ ಏಳು, ಒಕ್ತೊ ಎಂದರೆ ಎಂಟು, ನೊವೆಮ್ ಎಂದರೆ ಒಂಬತ್ತು, ದೆಚೆಮ್ ಎಂದರೆ ಹತ್ತು. ಹಾಗಾಗಿ ಹಿಂದಿನ ಗುರುಗಳು ಲತೀನ್ ಮತ್ತು ಪೋರ್ಚುಗೀಸ್ ದಾಖಲೆಗಳಲ್ಲಿ ಸೆಪ್ಟೆಂಬರಿಗೆ 7, ಅಕ್ಟೋಬರಿಗೆ 8, ನವೆಂಬರಿಗೆ 9, ಡಿಸೆಂಬರಿಗೆ 10 ಅಥವಾ ರೋಮನ್ ಹತ್ತು ಹಾಕಿ, ಬಾಲಕ್ಕೆ ಎರಡು ಮೂರು ಅಕ್ಷರ ಸೇರಿಸಿ ತಿಂಗಳನ್ನು ಚುಟುಕಾಗಿ ಬರೆಯುವುದಿತ್ತು. ಕಲ್ಲು ಹಾಕಿಸುವಾಗ ಯಾರೋ ಪುಸ್ತಕ ನೋಡಿ, 8 ಎಂದರೆ ಎಂಟನೆಯ ತಿಂಗಳು ಆಗಸ್ಟ್ ಎಂದು ತಿಳಿದುಕೊಂಡಿದ್ದಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ನಾನಾಗಿದ್ದರೂ ಹಾಗೆಯೇ ಓದುತ್ತಿದ್ದೆ.

ಆದರೆ ಒಂದು ಪುಸ್ತಕವನ್ನು ನಂಬಿ ಕಲ್ಲನ್ನು ಸುಳ್ಳೆನ್ನುವುದೂ ಸರಿಯಲ್ಲ. ಬೇರೆ ಸಾಕ್ಷಿ ಬೇಕು. ಅಜ್ಜಿ ಹೇಳುತ್ತಿದ್ದ ಮಾತೊಂದಿತ್ತು: "ಗದ್ದೆಯಲ್ಲಿ ಏಣಿಲು ಪೈರು ಕೊಯ್ಲಿಗೆ ನಿಂತಿತ್ತು, ಕೊಯ್ಯಲು ಮನೆಯಲ್ಲಿ ಗಂಡು ದಿಕ್ಕಿರಲಿಲ್ಲ." ಆಗಸ್ಟ್ ಮಧ್ಯದಲ್ಲಿ ಏಣಿಲು ಇನ್ನೂ ಹಸಿರು, ಕೊಯ್ಲು ಬರುವುದು ಅಕ್ಟೋಬರಿಗೆ. ಇನ್ನೊಂದು, ಆಗಸ್ಟ್ 15 ಮಾತೆ ಮರಿಯಳ ಸ್ವರ್ಗಾರೋಹಣದ ಹಬ್ಬ. ಹಬ್ಬದ ಮುನ್ನಾ ದಿನ ಸಾವಾಗಿದ್ದರೆ ಮನೆಯವರ ಬಾಯಲ್ಲಿ ಅದು ಬಾರದೆ ಇರುತ್ತಿತ್ತೇ? ಮೂರನೆಯದಾಗಿ, ಅದು ಇನ್‌ಫ್ಲುಯೆಂಜಾ ವರ್ಷ. 1918ರ ಜೂನ್‌ನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಜ್ವರ ಸೆಪ್ಟೆಂಬರಿನ ನಂತರ ಭೀಕರವಾಗಿ ಮರಳಿ, ಕೆಲವೇ ತಿಂಗಳುಗಳಲ್ಲಿ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ನಮ್ಮ ಮರಣ ಪುಸ್ತಕದಲ್ಲಿ ಇತರ ತಿಂಗಳಿಗೆ ನಾಲ್ಕೈದು ಸಾಲು, ಆ ಅಕ್ಟೋಬರಿಗೆ ಪುಟಗಳೇ ಸಾಲದು.

ಸರಕಾರಿ ದಾಖಲೆಯನ್ನೂ ನೋಡಿದೆವು. ದಕ್ಷಿಣ ಕನ್ನಡ ಅಂದು ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹಳ್ಳಿಗಳಲ್ಲಿ ಜನನ ಮರಣಗಳನ್ನು ಬರೆದುಕೊಳ್ಳುತ್ತಿದ್ದವರು ಊರಿನ ಗ್ರಾಮಾಧಿಕಾರಿಗಳು. ನಮ್ಮ ಪುಣ್ಯಕ್ಕೆ ಆ ಪುಸ್ತಕ ಉಳಿದಿತ್ತು. ಅದರಲ್ಲಿ ತಾರೀಕು ಅಕ್ಟೋಬರ್ 17, ಕಾರಣ 'ಜ್ವರ'. ಮೂರು ದಿನದ ವ್ಯತ್ಯಾಸ! ಇದಕ್ಕೆ ಗಾಬರಿಯಾಗಬೇಕಿಲ್ಲ. ಪಟೇಲರು ಬರೆದದ್ದು ಸುದ್ದಿ ತಮಗೆ ಮುಟ್ಟಿದ ದಿನವನ್ನಿರಬಹುದು. ಗುರುಗಳು ಬರೆದದ್ದು ಮಣ್ಣು ಮಾಡಿದ ದಿನದ ಹತ್ತಿರದಲ್ಲಿ. ಹಳೆಯ ಮರಣ ಪುಸ್ತಕ ನೋಡುವಾಗ 'ಓಬಿಯಿತ್' ಎಂದರೆ ತೀರಿಕೊಂಡದ್ದು, 'ಸೆಪುಲ್ತುಸ್' ಎಂದರೆ ಹೂಳಲಾದದ್ದು ಎಂದು ನೆನಪಿರಲಿ. ಎಷ್ಟೋ ಕಡೆ ಎರಡನೆಯದರ ತಾರೀಕು ಮಾತ್ರ ಇರುತ್ತದೆ.

ವಯಸ್ಸಿನ ವಿಷಯದಲ್ಲಂತೂ ಯಾರನ್ನೂ ನಂಬಬೇಡಿ. ಮುತ್ತಜ್ಜನಿಗೆ 45 ಎಂದು ಮರಣ ಪುಸ್ತಕ ಹೇಳಿತು. ಜ್ಞಾನಸ್ನಾನದ ಪುಸ್ತಕದ ಪ್ರಕಾರ ಹುಟ್ಟಿದ್ದು 1879, ಅಂದರೆ 39. ಸಾವಿನ ಮನೆಯಲ್ಲಿ ಕೇಳಿ ಬರೆದ ವಯಸ್ಸು ಅಂದಾಜಿನದ್ದು. ತಾಯಿಯ ತೋಳಿನಲ್ಲಿದ್ದಾಗ ಬರೆದ ದಾಖಲೆಗೇ ಇಲ್ಲಿ ಹೆಚ್ಚು ತೂಕ. ಹೆಸರುಗಳೂ ಹಾಗೆಯೇ: ಪುಸ್ತಕದ ಜಾಕೋಬುಸ್ ಮನೆಯಲ್ಲಿ ಜಾಕು, ಇಂಗ್ಲಿಷ್ ಕಾಗದದಲ್ಲಿ ಜೇಮ್ಸ್. ಇಜಬೆಲ್ ಮತ್ತು ಎಲಿಜಬೆತ್ ಮೂಲದಲ್ಲಿ ಒಂದೇ ಹೆಸರು. ಪುಸ್ತಕದಲ್ಲಿ ಹೆಸರೇ ಸಿಗದಿದ್ದರೆ ಊರು ಆಗ ಯಾವ ಚರ್ಚಿಗೆ ಸೇರಿತ್ತು ಎಂದು ವಿಚಾರಿಸಿ. ಹೊಸ ಧರ್ಮಕೇಂದ್ರ ಆಗುವ ಮೊದಲಿನ ದಾಖಲೆ ಮೂಲ ಧರ್ಮಕೇಂದ್ರದಲ್ಲಿರುತ್ತದೆ.

ಇನ್ನೂ ಹಿಂದಕ್ಕೆ ಹೋಗುವವರಿಗೆ 1784 ಒಂದು ಗೋಡೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಒಯ್ದು, ಚರ್ಚುಗಳನ್ನು ಕೆಡವಿದಾಗ ಪುಸ್ತಕಗಳೂ ಬಹುತೇಕ ಹೋದವು. 1799ರವರೆಗಿನ ಸೆರೆಯಲ್ಲಿ ಸತ್ತವರಿಗೆ ಮರಣ ಪುಸ್ತಕವೇ ಇಲ್ಲ. ಒಯ್ದವರ ಸಂಖ್ಯೆಯೂ ಒಬ್ಬರಲ್ಲಿ 30,000, ಇನ್ನೊಬ್ಬರಲ್ಲಿ 60,000, ಮತ್ತೊಬ್ಬರಲ್ಲಿ 80,000. ಸೆರೆ ಹಿಡಿದದ್ದು 1784ರ ಫೆಬ್ರವರಿ 24, ವಿಭೂತಿ ಬುಧವಾರ ಎಂದು ನಾವೆಲ್ಲ ಓದಿದ್ದೇವೆ. ಆ ವರ್ಷ ಈಸ್ಟರ್ ಬಂದದ್ದು ಏಪ್ರಿಲ್ 11ಕ್ಕೆ. 46 ದಿನ ಹಿಂದಕ್ಕೆ ಎಣಿಸಿ ನೋಡಿ, ವಿಭೂತಿ ಬುಧವಾರ ಫೆಬ್ರವರಿ 25 ಆಗುತ್ತದೆ, 24 ಮಂಗಳವಾರ. ತಾರೀಕು ತಪ್ಪೋ ವಾರ ತಪ್ಪೋ ಎಂಬುದು ಬೇರೆ ಮಾತು, ಎರಡೂ ಒಟ್ಟಿಗೆ ಸರಿಯಾಗಲಾರವು. ಸೆರೆ ನಡೆದೇ ಇಲ್ಲ ಎಂದು ಇದರಿಂದ ಯಾರಾದರೂ ವಾದಿಸಿದರೆ ಅದು ಮೂರ್ಖತನ.

ಚರ್ಚ್ ಕಚೇರಿಯಲ್ಲಿ ಸೇವೆ ಮಾಡುವವರಲ್ಲಿ ಒಂದು ವಿನಂತಿ. ಹೊಂದಿಕೆಯಾಗದ ತಾರೀಕನ್ನು "ಸರಿ ಮಾಡಿ ಕೊಡಿ" ಎಂದು ಕೇಳುವವರು, ಮುಖ್ಯವಾಗಿ ಜಾಗದ ಪಾಲುಪಟ್ಟಿಯ ಸಮಯದಲ್ಲಿ, ಇದ್ದೇ ಇರುತ್ತಾರೆ. ಪುಸ್ತಕದಲ್ಲಿದ್ದಂತೆ ನಕಲು ಕೊಡಿ, ಮೂಲದ ಮೇಲೆ ಪೆನ್ನು ಆಡಿಸಬೇಡಿ. ಪ್ರತಿ ಧರ್ಮಕೇಂದ್ರದಲ್ಲೂ ಜ್ಞಾನಸ್ನಾನ, ವಿವಾಹ, ಮರಣ ಪುಸ್ತಕಗಳು ಇರಬೇಕು, ಹಳೆಯವನ್ನು ಜೋಪಾನ ಮಾಡಬೇಕು ಎಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೇ ನಿಯಮ ಹೇಳುತ್ತದೆ. ನಮ್ಮ ಪುಸ್ತಕದಲ್ಲಿ ಯಾರಾದರೂ 'ತಿದ್ದಿ' ಆಗಸ್ಟ್ ಎಂದು ಬರೆದಿದ್ದರೆ ನಮಗೆ ನಿಜ ಎಂದಿಗೂ ತಿಳಿಯುತ್ತಿರಲಿಲ್ಲ.

ಮತ್ತೆ, ಆ ಅಕ್ಟೋಬರಿನ ಪುಟದಲ್ಲಿ ನಾವು ಹುಡುಕದ ಇನ್ನೊಂದು ಸಾಲೂ ಇತ್ತು. ಮುತ್ತಜ್ಜನ ಹೆಸರಿನ ಕೆಳಗೆ, ಎರಡು ದಿನ ಬಿಟ್ಟು, ಅವರ ನಾಲ್ಕು ವರ್ಷದ ಮಗಳು. ಒಂದು ಹೆಣ್ಣು ಮಗು ಸಣ್ಣದರಲ್ಲೇ ಹೋಗಿತ್ತು ಎಂದಷ್ಟೇ ಅಜ್ಜಿ ಹೇಳಿದ್ದರು. ಯಾವಾಗ, ಹೇಗೆ ಎಂದು ನಾವು ಯಾರೂ ಕೇಳಿರಲಿಲ್ಲ. ಪಟೇಲರ ಪುಸ್ತಕದ 17ನೇ ತಾರೀಕಿಗೆ ತಂದೆ, ಮಗು ಇಬ್ಬರೂ ಒಟ್ಟಿಗೆ ಇದ್ದರು.

ಹೊಸ ಕಲ್ಲಿನಲ್ಲಿ ಈಗ ಎರಡು ಹೆಸರುಗಳಿವೆ. ಒಂದರ ಮುಂದೆ 14-10-1918, ಇನ್ನೊಂದರ ಮುಂದೆ 16-10-1918.