ಹೊಸ ಆವೃತ್ತಿಗೆ ಒಂದು ಒರೆಗಲ್ಲು

ದಕ್ಷಿಣ ಕೊಡಗಿನ ಗಡಿಯಲ್ಲಿರುವ ಊರು ಕುಟ್ಟ. ಎರಡೇ ಅಕ್ಷರದ ಈ ಹೆಸರನ್ನು ಸ್ಮಾರ್ಟ್‌ಫೋನು ಯೂನಿಕೋಡ್ ಪದ್ಧತಿಯಂತೆ ಕ, ಉಕಾರದ ಚಿಹ್ನೆ, ಟ, ಹಲಂತ ಚಿಹ್ನೆ, ಟ ಎಂಬ 5 ಸಂಕೇತಗಳಾಗಿ ತನ್ನಲ್ಲಿ ಇರಿಸಿಕೊಳ್ಳುತ್ತದೆ. ಅವುಗಳನ್ನು ಕೂಡಿಸಿ, ಒತ್ತಕ್ಷರವನ್ನು ತಕ್ಕ ಸ್ಥಾನದಲ್ಲಿ ಮೂಡಿಸುವುದು ಕಾರ್ಯಾಚರಣ ವ್ಯವಸ್ಥೆಯ ಕೆಲಸ. ಆ ಸಾಮರ್ಥ್ಯವಿಲ್ಲದ ಫೋನಿನಲ್ಲಿ ಅದೇ ಹೆಸರು ಬರಿಯ ಚೌಕಗಳಾಗಿಯೋ, ಬಿಡಿ ಅಕ್ಷರಗಳಾಗಿಯೋ ತೋರುವುದು.

2012ರಲ್ಲಿ ಹೊರಬಂದ ಆಂಡ್ರಾಯ್ಡ್ 4.1 ಕನ್ನಡ, ತೆಲುಗು, ಮಲಯಾಳಂ ಭಾಷೆಗಳಿಗೆ ಬೆಂಬಲವನ್ನು ತಂದಿತು. ಕೇರಳಕ್ಕೆ ಹೊಂದಿಕೊಂಡಿರುವ ಕುಟ್ಟದಂತಹ ಊರಿಗೆ ಇದರ ಬೆಲೆ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ.

ಹೊಸ ಆವೃತ್ತಿ ಬಂದಾಗ ಅದರ ಸಂಖ್ಯೆಗೆ ಮರುಳಾಗದಿರಿ. ಕುಟ್ಟ, ರಾಷ್ಟ್ರ, ಸ್ವಾತಂತ್ರ್ಯ ಎಂಬ ಪದಗಳನ್ನು ಅಳವಡಿಕೆಗೆ ಮುನ್ನವೂ ಬಳಿಕವೂ ಬರೆದು ಹೋಲಿಸಿರಿ. ಒಂದು ಒತ್ತಾದರೂ ಕಳಚಿದ್ದರೆ, ಆ ಪರಿಷ್ಕರಣವು ಕನ್ನಡಿಗರ ಪಾಲಿಗೆ ಅಪೂರ್ಣವೆಂದೇ ತಿಳಿಯಬೇಕು.