ಬಾರಾಪೆಡೆಯ ಬಾವಲಿ ಮತ್ತು ವಿಧೇಯ ತರ್ಕ

ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನ ಬಾರಾಪೆಡೆ ಗುಹೆಗಳಲ್ಲಿ ಸಿಕ್ಕ ಬಾವಲಿಯನ್ನು 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಹೊಸ ಪ್ರಭೇದವೆಂದು ವರ್ಣಿಸಿ, ಅದಕ್ಕೆ ಅರಣ್ಯಾಧಿಕಾರಿ ರೌಟನ್‌ರ ಹೆಸರಿಟ್ಟ ಮೇಲೆ, ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ‘ರೌಟನ್ ಬಾವಲಿ ಬಾರಾಪೆಡೆಯಲ್ಲಿ ಮಾತ್ರ ಇದೆ’ ಎಂಬ ತಿಳಿವಳಿಕೆಯೇ ಉಳಿದಿತ್ತು. ಹೊಸ ಶತಮಾನದ ಹೊಸ್ತಿಲಲ್ಲಿ ಅದೇ ಪ್ರಭೇದ ಕಾಂಬೋಡಿಯದಲ್ಲೂ ಮೇಘಾಲಯದಲ್ಲೂ ಸಿಕ್ಕಿ ಆ ವಾಕ್ಯ ಬಿದ್ದುಹೋಯಿತು. ಅದರಲ್ಲಿ ಬಿದ್ದದ್ದು ಎಷ್ಟು, ಉಳಿದದ್ದು ಎಷ್ಟು ಎಂಬುದನ್ನು ವಿಧೇಯ ತರ್ಕದ ಭಾಷೆಗೆ ತಂದಾಗ ನಿಖರವಾಗಿ ಹೇಳಬಹುದು.

ವಿಧೇಯವೆಂದರೆ ಒಂದು ವಸ್ತುವಿನ ಬಗ್ಗೆ ಹೇಳುವ ಗುಣ ಅಥವಾ ಸಂಬಂಧ. ‘ಕ ಒಂದು ರೌಟನ್ ಬಾವಲಿ’ ಎಂಬುದನ್ನು ರ(ಕ) ಎಂದೂ ‘ಕ ಬಾರಾಪೆಡೆಯಲ್ಲಿ ನೆಲೆಸಿದೆ’ ಎಂಬುದನ್ನು ಬ(ಕ) ಎಂದೂ ಬರೆದರೆ, ಯಾವ ವಸ್ತುವನ್ನಾದರೂ ಸೂಚಿಸಬಲ್ಲ ‘ಕ’ ಇಲ್ಲಿ ಚರವಾಗುತ್ತದೆ. ‘ಪ್ರತಿಯೊಂದಕ್ಕೂ’ ಎಂದು ಹೇಳುವ ∀ ಮತ್ತು ‘ಒಂದಾದರೂ ಇದೆ’ ಎಂದು ಹೇಳುವ ∃ ಎಂಬ ಚಿಹ್ನೆಗಳಿಗೆ ಪರಿಮಾಣಕಗಳೆಂದು ಹೆಸರು. ಆಗ ಹಳೆಯ ವಾಕ್ಯದ ರೂಪ ∀ಕ (ರ(ಕ) → ಬ(ಕ)), ಅಂದರೆ ಯಾವುದೇ ವಸ್ತು ರೌಟನ್ ಬಾವಲಿಯಾಗಿದ್ದರೆ ಅದು ಬಾರಾಪೆಡೆಯಲ್ಲಿದೆ. ‘ಮಾತ್ರ’ ಬಂದ ಕಡೆ ಕಲಿಯುವವರು ಬಾಣವನ್ನು ತಿರುಗಿಸಿ ಬರೆಯುವುದು ಸಾಮಾನ್ಯ. ಹಾಗೆ ಬರೆದರೆ ಗುಹೆಯ ಜೇಡವೂ ಬಾವಲಿಯಾಗಬೇಕಾಗುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ಸ್ವಾರಸ್ಯಕರ. ಬಾಣದ ಬದಲು ‘ಮತ್ತು’ ಎಂಬರ್ಥದ ∧ ಹಾಕಿ ∀ಕ (ರ(ಕ) ∧ ಬ(ಕ)) ಎಂದರೆ, ಬೆಳಗಾವಿಯ ಕೋಟೆಯೂ ಖಾನಾಪುರದ ರೈಲು ನಿಲ್ದಾಣವೂ ಸೇರಿ ಜಗತ್ತಿನ ಎಲ್ಲವೂ ಬಾರಾಪೆಡೆಯ ಬಾವಲಿಗಳೇ ಎಂದಂತಾಗುತ್ತದೆ. ∃ ಜೊತೆಗೆ ಬಾಣ ಬಳಸಿದರೆ ಆಗುವ ಹಾನಿ ಇದಕ್ಕೆ ವಿರುದ್ಧವಾದದ್ದು: ಷರತ್ತಿನ ಪೂರ್ವಭಾಗ ಸುಳ್ಳಾದಾಗ ಇಡೀ ಷರತ್ತು ನಿಜವೆಂದೇ ಎಣಿಕೆಯಾಗುವುದರಿಂದ, ಕೋಟೆ ಬಾವಲಿಯಲ್ಲ ಎಂಬ ಒಂದೇ ಕಾರಣಕ್ಕೆ ∃ಕ (ರ(ಕ) → ಬ(ಕ)) ನಿಜವಾಗಿಬಿಡುತ್ತದೆ ಮತ್ತು ಬಾವಲಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. 1998ರಲ್ಲಿ ಸ್ಥಾಪನೆಯಾಗಿ ಬೆಳಗಾವಿಯನ್ನು ಕೇಂದ್ರವಾಗಿಸಿಕೊಂಡ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಗಣಕವಿಜ್ಞಾನ ವಿದ್ಯಾರ್ಥಿಗಳು ಇಂಗ್ಲಿಷ್ ವಾಕ್ಯಗಳನ್ನು ಹೀಗೆ ಸೂತ್ರವಾಗಿಸುವುದನ್ನು ಕಲಿಯುತ್ತಾರೆ. ‘∀ಗೆ ಬಾಣ, ∃ಗೆ ಮತ್ತು’ ಎಂಬ ಬಾಯಿಪಾಠದಿಂದ ಅಂಕ ಬರಬಹುದಾದರೂ, ಕೋಟೆಯನ್ನು ಬಾವಲಿಯಾಗಿಸುವ ಪರೀಕ್ಷೆಯನ್ನು ಒಮ್ಮೆ ಮಾಡಿದವರಿಗೆ ಆ ಸೂತ್ರವನ್ನು ನೆನಪಿಡುವ ಅಗತ್ಯವೇ ಬೀಳದು.

‘ಅಲ್ಲ’ ಎಂಬುದಕ್ಕೆ ¬ ಬರೆದರೆ, ಮೇಘಾಲಯದ ಬಾವಲಿ ಹೇಳಿದ್ದು ∃ಕ (ರ(ಕ) ∧ ¬ಬ(ಕ)), ಅಂದರೆ ಬಾರಾಪೆಡೆಯಲ್ಲಿಲ್ಲದ ರೌಟನ್ ಬಾವಲಿಯೊಂದಾದರೂ ಇದೆ. ಇದು ∀ ವಾಕ್ಯದ ನೇರ ನಿಷೇಧವಾದ್ದರಿಂದ ಒಂದು ಪ್ರಾಣಿಯೇ ಸಾಕಾಯಿತು. ‘ಬಾರಾಪೆಡೆಯಲ್ಲಿ ರೌಟನ್ ಬಾವಲಿ ಇದೆ’ ಎಂಬ ಅಸ್ತಿತ್ವದ ಮಾತು ಮಾತ್ರ ಆ ∀ ವಾಕ್ಯದಲ್ಲಿ ಅಡಗಿರಲೇ ಇಲ್ಲ, ಅದನ್ನು ಬೇರೆಯಾಗಿ ∃ ಹಾಕಿ ಬರೆಯಬೇಕಿತ್ತು; ಹಾಗಾಗಿ ಅದಕ್ಕೆ ಧಕ್ಕೆ ತಗಲಲಿಲ್ಲ.

ವಿಧೇಯ ತರ್ಕವೆಂಬ ಈ ಯಂತ್ರವನ್ನು ಕಟ್ಟಿದವರಲ್ಲಿ ಮೊದಲಿಗರು ಜರ್ಮನಿಯ ಗಾಟ್ಲೋಬ್ ಫ್ರೇಗೆ. ‘ಎಲ್ಲ’ ಮತ್ತು ‘ಕೆಲವು’ ಒಂದೇ ವಾಕ್ಯದಲ್ಲಿ ಒಂದರೊಳಗೊಂದು ಸೇರಿಕೊಂಡಾಗ ಅರಿಸ್ಟಾಟಲನ ತರ್ಕಕ್ಕೆ ದಾರಿಯಿರಲಿಲ್ಲ, ಆ ತೊಡಕನ್ನು ಫ್ರೇಗೆ 1879ರ ಪುಟ್ಟ ಪುಸ್ತಕದಲ್ಲಿ ಬಿಡಿಸಿದರಾದರೂ, ಪುಟದುದ್ದಕ್ಕೂ ಕವಲೊಡೆಯುವ ಅವರ ಬರಹ ಅಚ್ಚಿಗೂ ಓದಿಗೂ ಒಗ್ಗಲಿಲ್ಲ. ಅಮೆರಿಕದ ಚಾರ್ಲ್ಸ್ ಪರ್ಸ್ ಸ್ವತಂತ್ರವಾಗಿ 1885ರಲ್ಲಿ ಪರಿಮಾಣಕಗಳನ್ನು ಮಂಡಿಸಿದರು. ಇಂದು ಬಳಕೆಯಲ್ಲಿರುವ ∃ ಇಟಲಿಯ ಪಿಯಾನೊ ಕೊಟ್ಟದ್ದು, ∀ ಗೆಂಟ್ಜೆನ್ 1935ರಲ್ಲಿ ತಂದದ್ದು.

ಆ ಸೇರಿಕೆಯ ತೊಡಕು ಎಂಥದೆಂದರೆ, ‘ಖಾನಾಪುರದಿಂದ ಹೊರಡುವ ಪ್ರತಿಯೊಂದು ಬಸ್ಸೂ ಒಂದು ಹಳ್ಳಿಯಲ್ಲಿ ನಿಲ್ಲುತ್ತದೆ’ ಎಂದಾಗ ಒಂದೊಂದು ಬಸ್ಸಿಗೆ ಒಂದೊಂದು ಹಳ್ಳಿಯೋ ಎಲ್ಲ ಬಸ್ಸಿಗೂ ಒಂದೇ ಹಳ್ಳಿಯೋ ಎಂಬುದು ವಾಕ್ಯದಲ್ಲಿ ಇಲ್ಲ. ∀ ಮೊದಲು ಬಂದರೆ ಮೊದಲ ಅರ್ಥ, ∃ ಮೊದಲು ಬಂದರೆ ಎರಡನೆಯದು. ಎರಡನೆಯದು ನಿಜವಾದಾಗ ಮೊದಲನೆಯದೂ ನಿಜ, ತಿರುಗಿಸಿದರೆ ಹಾಗಾಗಬೇಕೆಂದಿಲ್ಲ.

ಯಂತ್ರಕ್ಕೂ ಎಟುಕದ ಮಾತುಗಳುಂಟು. ‘ತಾಲ್ಲೂಕಿನ ಹೆಚ್ಚಿನ ಹಳ್ಳಿಗಳಿಗೆ ಬಸ್ಸು ಹೋಗುತ್ತದೆ’ ಎಂಬುದು ಬಸ್ಸು ಹೋಗುವ ಹಳ್ಳಿಗಳ ಗುಂಪನ್ನು ಹೋಗದವುಗಳ ಗುಂಪಿನೊಡನೆ ಅಳೆದು ನೋಡುವುದರಿಂದ, ಹಳ್ಳಿಗಳ ಸಂಖ್ಯೆ ಮೊದಲೇ ಗೊತ್ತಿಲ್ಲದಿದ್ದರೆ ಅದನ್ನು ಬರಿಯ ∀ ಮತ್ತು ∃ಗಳಿಂದ ಬರೆಯಲಾಗದು. ಪೋಲೆಂಡಿನ ಆಂಜೇ ಮೊಸ್ತೋವ್‌ಸ್ಕಿ 1957ರಲ್ಲಿ ಇಂಥ ಪದಗಳನ್ನೂ ಒಳಗೊಳ್ಳಬಲ್ಲ ವ್ಯಾಪಕ ಪರಿಮಾಣಕಗಳ ಸಿದ್ಧಾಂತಕ್ಕೆ ಬುನಾದಿ ಹಾಕಿದರು.