ಫ್ಯೂಸ್ ಹೋಯಿತು, ಎಂ.ಸಿ.ಬಿ. ಬಂತು

ಮಕ್ಕಳೇ, ರಾತ್ರಿ ಓದುತ್ತಾ ಕುಳಿತಾಗ ಇದ್ದಕ್ಕಿದ್ದಂತೆ ದೀಪ ಆರಿದರೆ ನೀವು ಮೊದಲು ಏನು ಮಾಡುತ್ತೀರಿ? ಕಿಟಕಿಯಿಂದ ಪಕ್ಕದ ಮನೆಯನ್ನು ನೋಡುತ್ತೀರಿ, ಅಲ್ಲವೇ? ಅಲ್ಲಿಯೂ ಕತ್ತಲೆಯಾಗಿದ್ದರೆ 'ಕರೆಂಟ್ ಹೋಗಿದೆ' ಎನ್ನುತ್ತೇವೆ. ಅಲ್ಲಿ ದೀಪ ಉರಿಯುತ್ತಿದ್ದರೆ 'ನಮ್ಮ ಮನೆಯ ಫ್ಯೂಸ್ ಹೋಗಿದೆ' ಎನ್ನುತ್ತೇವೆ. ಫ್ಯೂಸ್ ಎಂದರೇನು? ಅದು ಏಕೆ 'ಹೋಗುತ್ತದೆ'? ಹಳೆಯ ಮನೆಗಳಲ್ಲಿ ಅದನ್ನು ತೆಗೆಸಿ ಹೊಸ ಬೋರ್ಡ್ ಹಾಕಿಸುವುದೇಕೆ? ಬನ್ನಿ, ತಿಳಿಯೋಣ.

ಗೋಡೆ ಮೊದಲು, ತಂತಿ ಆಮೇಲೆ

ಬೆಂಗಳೂರಿನ ಚಾಮರಾಜಪೇಟೆ, ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡದ್ದು 1890ರ ದಶಕದಲ್ಲಿ. ಆಗ ಊರಿಗೆ ವಿದ್ಯುತ್ ಬಂದಿರಲಿಲ್ಲ. ಕಾವೇರಿ ನದಿಯ ಶಿವನಸಮುದ್ರದಲ್ಲಿ 1902ರಲ್ಲಿ ಜಲವಿದ್ಯುತ್ ಕೇಂದ್ರ ಆರಂಭವಾಯಿತು. ಅಲ್ಲಿನ ವಿದ್ಯುತ್ ಮೊದಲು ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ಬೆಂಗಳೂರಿಗೆ ಬಂದದ್ದು 1905ರಲ್ಲಿ. ಆದ್ದರಿಂದ ಈ ಬಡಾವಣೆಗಳ ಅತಿ ಹಳೆಯ ಮನೆಗಳಲ್ಲಿ ಮೊದಲು ಗೋಡೆ ಎದ್ದಿತು, ತಂತಿ ಆಮೇಲೆ ಬಂತು. ಗೋಡೆಗೆ ಮರದ ಪಟ್ಟಿ ಹೊಡೆದು ತಂತಿ ಎಳೆಯುತ್ತಿದ್ದರು. ಮರದ ಹಲಗೆಯ ಮೇಲೆ ಮೀಟರ್, ಮೈನ್ ಸ್ವಿಚ್ ಮತ್ತು ಬಿಳಿ ಪಿಂಗಾಣಿಯ ಫ್ಯೂಸ್‌ಗಳನ್ನು ಕೂರಿಸುತ್ತಿದ್ದರು.

ಆಗ ಮನೆಯಲ್ಲಿ ವಿದ್ಯುತ್ತಿಗೆ ಹೆಚ್ಚು ಕೆಲಸವಿರಲಿಲ್ಲ. ಕೆಲವು ಬಲ್ಬು, ಮುಂದೆ ಒಂದು ಫ್ಯಾನು, ಒಂದು ರೇಡಿಯೋ. ಸ್ನಾನದ ನೀರು ಬಚ್ಚಲಿನ ಹಂಡೆಯಲ್ಲಿ ಕಾಯುತ್ತಿತ್ತು. ಹಿಟ್ಟನ್ನು ಒರಳಿನಲ್ಲಿ ರುಬ್ಬುತ್ತಿದ್ದರು. ಈಗ ಗೀಸರ್, ಮಿಕ್ಸಿ, ಫ್ರಿಜ್, ಇಸ್ತ್ರಿ ಪೆಟ್ಟಿಗೆ ಎಲ್ಲವೂ ಬಂದಿವೆ.

ಒಂದು ಲೆಕ್ಕ ಮಾಡೋಣ. ಉಪಕರಣದ ವ್ಯಾಟ್ ಸಂಖ್ಯೆಯನ್ನು ಮನೆಗೆ ಬರುವ 230 ವೋಲ್ಟ್‌ನಿಂದ ಭಾಗಿಸಿದರೆ, ಅದು ಎಳೆಯುವ ವಿದ್ಯುತ್ ಪ್ರವಾಹ ಆಂಪಿಯರ್‌ಗಳಲ್ಲಿ ಸಿಗುತ್ತದೆ. 60 ವ್ಯಾಟ್‌ನ ಹಳೆಯ ಬಲ್ಬಿಗೆ ಸುಮಾರು ಕಾಲು ಆಂಪಿಯರ್ ಸಾಕು. 2000 ವ್ಯಾಟ್‌ನ ಗೀಸರ್‌ಗೆ ಸುಮಾರು 9 ಆಂಪಿಯರ್ ಬೇಕು. ಅಂದರೆ ಒಂದು ಗೀಸರ್ 33 ಬಲ್ಬುಗಳಿಗೆ ಸಮ!

ಬೇಕೆಂದೇ ಇಟ್ಟ ದುರ್ಬಲ ತಂತಿ

ವಿದ್ಯುತ್ ಹರಿಯುವಾಗ ತಂತಿ ಬಿಸಿಯಾಗುತ್ತದೆ. ಪ್ರವಾಹ ಎರಡರಷ್ಟಾದರೆ ಶಾಖ ನಾಲ್ಕರಷ್ಟಾಗುತ್ತದೆ. ಬಲ್ಬುಗಳಿಗೆಂದು ಹಾಕಿದ ತೆಳುವಾದ ತಂತಿಯಲ್ಲಿ ಗೀಸರ್‌ನ ಪ್ರವಾಹ ಹರಿದರೆ ತಂತಿ ವಿಪರೀತ ಕಾಯುತ್ತದೆ. ಅದರ ಮೇಲಿನ ಹೊದಿಕೆ ಹಾಳಾಗಿ ಬೆಂಕಿ ಹತ್ತಬಹುದು.

ಇದನ್ನು ತಡೆಯಲು ಮಂಡಲದಲ್ಲಿ ಒಂದು ಕಡೆ ಬೇಕೆಂದೇ ದುರ್ಬಲವಾದ ತಂತಿಯ ತುಂಡನ್ನು ಇಡುತ್ತಾರೆ. ಅದೇ ಫ್ಯೂಸ್. ಇದಕ್ಕೆ ತವರ ಮತ್ತು ಸೀಸದ ಮಿಶ್ರಲೋಹವನ್ನು ಅಥವಾ ತವರ ಲೇಪಿಸಿದ ತೆಳು ತಾಮ್ರದ ತಂತಿಯನ್ನು ಬಳಸುತ್ತಾರೆ. ಗೋಡೆಯ ತಂತಿಗೆ ಅಪಾಯವಾಗುವ ಮೊದಲೇ ಇದು ಕರಗಿ ತುಂಡಾಗುತ್ತದೆ. ಪ್ರವಾಹ ನಿಲ್ಲುತ್ತದೆ. ಆದ್ದರಿಂದ ಫ್ಯೂಸ್ ಹೋಗುವುದು ಅದರ ದೋಷವಲ್ಲ, ಅದೇ ಅದರ ಕೆಲಸ.

ಕೆಲವರು 'ಪದೇ ಪದೇ ಫ್ಯೂಸ್ ಹೋಗುತ್ತದೆ' ಎಂದು ಬೇಸತ್ತು ದಪ್ಪ ತಾಮ್ರದ ತಂತಿ ಕಟ್ಟಿಬಿಡುತ್ತಾರೆ. ಆಮೇಲೆ ಫ್ಯೂಸ್ ಹೋಗುವುದಿಲ್ಲ ನಿಜ. ಆದರೆ ಅದರ ಬದಲು ಗೋಡೆಯ ತಂತಿಯೇ ಸುಡುತ್ತದೆ. ಅದರ ಪಕ್ಕದಲ್ಲೇ ಮರದ ಪಟ್ಟಿ ಇದೆ ಎಂಬುದನ್ನು ನೆನಪಿಸಿಕೊಳ್ಳಿ!

ಕರಗದ ಕಾವಲುಗಾರ

ಹೊಸ ಬೋರ್ಡ್‌ಗಳಲ್ಲಿ ಫ್ಯೂಸ್ ಬದಲು ಎಂ.ಸಿ.ಬಿ. ಇರುತ್ತದೆ. ಇದರ ಪೂರ್ಣ ಹೆಸರು ಮಿನಿಯೇಚರ್ ಸರ್ಕ್ಯೂಟ್ ಬ್ರೇಕರ್. ಇದರೊಳಗೆ ಇಬ್ಬರು ಕಾವಲುಗಾರರಿದ್ದಾರೆ. ಮೊದಲನೆಯದು ಎರಡು ಲೋಹಗಳನ್ನು ಬೆಸೆದ ಪಟ್ಟಿ. ಬಿಸಿಯಾದಾಗ ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಪಟ್ಟಿ ಬಾಗುತ್ತದೆ, ಸ್ವಿಚ್ಚನ್ನು ಬೀಳಿಸುತ್ತದೆ. ಎರಡನೆಯದು ವಿದ್ಯುತ್ಕಾಂತ. ಎರಡು ತಂತಿಗಳು ನೇರವಾಗಿ ತಗುಲಿ ಶಾರ್ಟ್ ಸರ್ಕ್ಯೂಟ್ ಆದಾಗ ಅದು ಕಣ್ಣು ಮಿಟುಕಿಸುವುದರೊಳಗೆ ಸ್ವಿಚ್ಚನ್ನು ಬೀಳಿಸುತ್ತದೆ. ದೋಷ ಸರಿಪಡಿಸಿದ ಮೇಲೆ ಸ್ವಿಚ್ಚನ್ನು ಮೇಲೆತ್ತಿದರೆ ಸಾಕು. ದಪ್ಪ ತಂತಿ ಕಟ್ಟಲು ಇಲ್ಲಿ ಅವಕಾಶವೇ ಇಲ್ಲ.

ಬೋರ್ಡ್ ಬದಲಾದರೆ ಸಾಕೇ?

ಸಾಲದು. ಎಂ.ಸಿ.ಬಿ.ಯ ಮೇಲೆ 6, 10, 16, 20 ಎಂದು ಆಂಪಿಯರ್ ಸಂಖ್ಯೆ ಬರೆದಿರುತ್ತದೆ. ಆ ಸಂಖ್ಯೆ ಗೋಡೆಯ ತಂತಿ ತಾಳುವ ಪ್ರವಾಹವನ್ನು ಮೀರಬಾರದು. ಹಳೆಯ ತೆಳು ತಂತಿಗೆ 20 ಆಂಪಿಯರ್ ಎಂ.ಸಿ.ಬಿ. ಹಾಕಿದರೆ ಅದೂ ದಪ್ಪ ತಂತಿ ಕಟ್ಟಿದ ಫ್ಯೂಸ್‌ನಂತೆಯೇ ಅಪಾಯಕಾರಿ. ಆದ್ದರಿಂದ ಎಲೆಕ್ಟ್ರಿಷಿಯನ್ ಮೊದಲು ಮೆಗ್ಗರ್ ಎಂಬ ಉಪಕರಣದಿಂದ ತಂತಿಯ ಹೊದಿಕೆಯನ್ನು ಪರೀಕ್ಷಿಸಬೇಕು. ಅರ್ಥಿಂಗ್ ಸರಿಯಾಗಿದೆಯೇ ಎಂದು ನೋಡಬೇಕು. ಗೀಸರ್‌ಗೆ ಬೇರೆಯೇ ದಪ್ಪ ತಂತಿ ಎಳೆಯಬೇಕು.

ಇನ್ನೊಂದು ಮಾತು. ಫ್ಯೂಸ್ ಆಗಲಿ, ಎಂ.ಸಿ.ಬಿ. ಆಗಲಿ ಕಾಯುವುದು ತಂತಿಯನ್ನು, ನಮ್ಮನ್ನಲ್ಲ. ಆಂಪಿಯರಿನ ಹತ್ತನೇ ಒಂದು ಭಾಗ ದೇಹದಲ್ಲಿ ಹರಿದರೂ ಪ್ರಾಣ ಹೋಗಬಹುದು. 5 ಆಂಪಿಯರ್ ಫ್ಯೂಸ್‌ಗೆ ಅದು ಗೊತ್ತೇ ಆಗುವುದಿಲ್ಲ! ಇದಕ್ಕಾಗಿ ಹೊಸ ಬೋರ್ಡ್‌ನಲ್ಲಿ ಆರ್.ಸಿ.ಸಿ.ಬಿ. ಎಂಬ ಸಾಧನವನ್ನು ಸೇರಿಸುತ್ತಾರೆ. ಒಳಗೆ ಹೋದ ಪ್ರವಾಹವೂ ಹಿಂದಿರುಗಿದ ಪ್ರವಾಹವೂ ಸಮವಾಗಿವೆಯೇ ಎಂದು ಅದು ಸದಾ ಹೋಲಿಸುತ್ತಿರುತ್ತದೆ. ಪ್ರವಾಹ ಯಾರದೋ ದೇಹದ ಮೂಲಕ ನೆಲಕ್ಕೆ ಸೋರಿ ವ್ಯತ್ಯಾಸ 0.03 ಆಂಪಿಯರ್ ಮುಟ್ಟುವ ವೇಳೆಗೆ ವಿದ್ಯುತ್ತನ್ನು ನಿಲ್ಲಿಸುತ್ತದೆ.

ನೆನಪಿಡಿ

* ಫ್ಯೂಸ್ ಬೋರ್ಡನ್ನು ನೀವು ಮುಟ್ಟಬೇಡಿ. ದೊಡ್ಡವರಿಗೆ ತಿಳಿಸಿ.
* ಫ್ಯೂಸ್ ಅಥವಾ ಎಂ.ಸಿ.ಬಿ. ಮತ್ತೆ ಮತ್ತೆ ಹೋದರೆ ಕಾರಣ ಹುಡುಕಿಸಬೇಕು.
* ಬೋರ್ಡ್ ಬದಲಾಯಿಸುವುದು ಪರವಾನಗಿ ಪಡೆದವರ ಕೆಲಸ. ಮೀಟರಿನ ಸೀಲನ್ನು ವಿದ್ಯುತ್ ಕಂಪನಿಯವರು ಮಾತ್ರ ತೆಗೆಯಬೇಕು.
* ಸುಟ್ಟ ವಾಸನೆ ಅಥವಾ ಕಿಡಿ ಕಂಡರೆ ಮೈನ್ ಸ್ವಿಚ್ ಆರಿಸಲು ದೊಡ್ಡವರಿಗೆ ಹೇಳಿ. ವಿದ್ಯುತ್ ದೂರಿನ ಸಂಖ್ಯೆ 1912.

ನೀವೇ ಮಾಡಿ

ಮನೆಯ ಉಪಕರಣಗಳ ಮೇಲೆ ಬರೆದಿರುವ ವ್ಯಾಟ್ ಸಂಖ್ಯೆಯನ್ನು ದೊಡ್ಡವರ ಸಹಾಯದಿಂದ ಪಟ್ಟಿ ಮಾಡಿ. ಪ್ರತಿಯೊಂದನ್ನೂ 230ರಿಂದ ಭಾಗಿಸಿ. ಬೆಳಗ್ಗೆ ಒಟ್ಟಿಗೆ ನಡೆಯುವ ಉಪಕರಣಗಳಿಗೆ ಎಷ್ಟು ಆಂಪಿಯರ್ ಬೇಕು? ಉತ್ತರವನ್ನು ಮನೆಯವರಿಗೂ ಶಿಕ್ಷಕರಿಗೂ ತೋರಿಸಿ.